ಬೀಪಿ ‘ಸೇವೆಯಿಂದ ಬಂದದ್ದಲ್ಲ’ ಎಂದಿತು ಮೆಡಿಕಲ್ ಬೋರ್ಡ್: ಆರು ವರ್ಷದ ಮೇಲೆ ಅಪೀಲು ಮಾಡಬಹುದೇ?

ಪ್ರಶ್ನೆ: ನಾನು ಬೈಲಹೊಂಗಲ ತಾಲೂಕಿನವನು. ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ 24 ವರ್ಷ ಸೇವೆ ಮಾಡಿ 2019ರಲ್ಲಿ ಹವಾಲ್ದಾರ್ ಆಗಿ ನಿವೃತ್ತನಾದೆ. ಕಾಶ್ಮೀರದ ಕುಪ್ವಾರಾದಲ್ಲಿ ಎರಡೂವರೆ ವರ್ಷ ಇದ್ದು ಪೀಸ್ ಸ್ಟೇಷನ್‌ಗೆ (ಕಾರ್ಯಾಚರಣೆಯಿಲ್ಲದ ಶಾಂತ ನೆಲೆಗೆ) ಬಂದ ನಾಲ್ಕೇ ತಿಂಗಳಲ್ಲಿ ಬೀಪಿ ಇದೆ ಎಂದು ಗೊತ್ತಾಯಿತು. ಅದಕ್ಕೂ ಮೊದಲು ಯೂನಿಟ್‌ನ ಕಬಡ್ಡಿ ಪಂದ್ಯದಲ್ಲಿ ಬಲಗಾಲಿನ ಮೊಣಕಾಲಿಗೆ ಪೆಟ್ಟಾಗಿತ್ತು. ನಿವೃತ್ತಿಯ ಹೊತ್ತಿಗೆ ತಪಾಸಣೆ ಮಾಡುವ ರಿಲೀಸ್ ಮೆಡಿಕಲ್ ಬೋರ್ಡ್ ಬೀಪಿಗೆ 30, ಮೊಣಕಾಲಿಗೆ 20, ಎರಡೂ ಕೂಡಿ 40 ಪ್ರತಿಶತ ಅಂಗವೈಕಲ್ಯ, ಜೀವನಪರ್ಯಂತ ಎಂದು ಬರೆಯಿತು. ಆದರೆ ಎರಡೂ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ, ಹಾಗಾಗಿ ಅಂಗವೈಕಲ್ಯ ಪಿಂಚಣಿ ಇಲ್ಲ ಎಂದು ನಮ್ಮ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿನಿಂದ ಪತ್ರ ಬಂತು. ಆಗ ಸುಮ್ಮನಾದೆ. ಈಗ ಒಬ್ಬರು, ಬರುವ ಬಾಕಿಯಲ್ಲಿ ಮೂರನೇ ಒಂದು ಪಾಲು ಕೊಟ್ಟರೆ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಕಾಲ ಮೀರಿತೇ? ಕೇಸಿನಲ್ಲಿ ಹುರುಳಿದೆಯೇ?

ಉತ್ತರ:

ಹವಾಲ್ದಾರ್ ಸಾಹೇಬರೇ, ಕಾಲ ಮೀರಿಲ್ಲ. ಕೇಸಿನಲ್ಲಿ ಹುರುಳೂ ಇದೆ. ಆದರೆ ನೀವು ಕೂತಷ್ಟು ದಿನ ನಿಮ್ಮ ದುಡ್ಡು ಕರಗುತ್ತದೆ. ಹೇಗೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಪಿಂಚಣಿ ತಿಂಗಳು ತಿಂಗಳು ಬರಬೇಕಾದದ್ದು. ಆದ್ದರಿಂದ ಅದನ್ನು ತಪ್ಪಾಗಿ ತಡೆದರೆ ಆ ತಪ್ಪು ಪ್ರತಿ ತಿಂಗಳೂ ಹೊಸದಾಗಿ ನಡೆಯುತ್ತದೆ ಎಂಬುದು ಕಾನೂನಿನ ನೋಟ. ಯೂನಿಯನ್ ಆಫ್ ಇಂಡಿಯಾ ವಿರುದ್ಧ ತರ್ಸೇಮ್ ಸಿಂಗ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. 1983ರಲ್ಲಿ ಸೇನೆಯಿಂದ ಹೊರಬಂದ ಆ ಸೈನಿಕ ನ್ಯಾಯಾಲಯದ ಬಾಗಿಲು ತಟ್ಟಿದ್ದು 1999ರಲ್ಲಿ. ಹದಿನಾರು ವರ್ಷ ತಡವಾಗಿದ್ದರೂ ಪಿಂಚಣಿಯ ಹಕ್ಕು ಉಳಿಯಿತು. ಬಾಕಿ ಮಾತ್ರ, ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ್ದಕ್ಕೆ ಸೀಮಿತವಾಯಿತು. ನಿಮ್ಮ ಲೆಕ್ಕವೂ ಹೀಗೇ ನಡೆಯುತ್ತದೆ. ಮೂರು ವರ್ಷ ಈಗಾಗಲೇ ಕಳೆದಿರುವುದರಿಂದ ಇಂದಿನಿಂದ ನೀವು ತಡಮಾಡುವ ಪ್ರತಿ ತಿಂಗಳಿಗೂ ಒಂದು ತಿಂಗಳ ಬಾಕಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಊರುಗಳಲ್ಲಿ ‘ಟೈಮ್ ಮುಗದೈತಿ, ಇನ್ನ ಆಗೂದಿಲ್ಲ’ ಎಂದು ಕೈಬಿಟ್ಟವರು ಬಹಳ. ಅವರೆಲ್ಲ ಈ ಒಂದು ತೀರ್ಪನ್ನು ತಿಳಿದಿರಬೇಕಿತ್ತು ಎಂದು ನನಗೆ ಸಂಕಟವಾಗುತ್ತದೆ.

ಈಗ ದುಡ್ಡಿನ ಲೆಕ್ಕ. ನೀವು ಪೂರ್ಣ ಸೇವೆ ಮುಗಿಸಿದವರಾದ್ದರಿಂದ ಸರ್ವಿಸ್ ಪೆನ್ಷನ್ ಹೇಗೂ ಬರುತ್ತಿದೆ. ಕೇಳಬೇಕಾದದ್ದು ಅದರ ಮೇಲಿನ ಡಿಸೆಬಿಲಿಟಿ ಎಲಿಮೆಂಟ್, ಅಂದರೆ ಅಂಗವೈಕಲ್ಯಕ್ಕೆ ಕೊಡುವ ಹೆಚ್ಚುವರಿ ಪಿಂಚಣಿ. ನೂರು ಪ್ರತಿಶತ ಅಂಗವೈಕಲ್ಯಕ್ಕೆ ಕೊನೆಯ ವೇತನದ 30 ಪ್ರತಿಶತ, ಅದಕ್ಕಿಂತ ಕಡಿಮೆಯಿದ್ದರೆ ಅದೇ ಪ್ರಮಾಣದಲ್ಲಿ ಕಡಿಮೆ. ಇದರ ಜೊತೆಗೆ ಬ್ರಾಡ್ ಬ್ಯಾಂಡಿಂಗ್ ಎಂಬ ನಿಯಮವಿದೆ: 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೆ ಮೇಲ್ಪಟ್ಟದ್ದನ್ನು 100 ಎಂದೂ ಎಣಿಸಬೇಕು. ಮೊದಲು ಇದು ಅನಾರೋಗ್ಯದಿಂದ ಅವಧಿಗೆ ಮುನ್ನ ಮನೆಗೆ ಕಳಿಸಲ್ಪಟ್ಟವರಿಗೆ ಮಾತ್ರ ಸಿಗುತ್ತಿತ್ತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಕೊಡಬೇಕು ಎಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ತೀರ್ಮಾನಿಸಿತು.

ನಿಮ್ಮ ಕೊನೆಯ ವೇತನ 50,000 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ನೂರಕ್ಕೆ 15,000. ನಿಮ್ಮ 40 ಪ್ರತಿಶತಕ್ಕೆ 6,000 ಆಗಬೇಕಿತ್ತು, ಬ್ಯಾಂಡಿಂಗ್‌ನಿಂದ 7,500 ಆಗುತ್ತದೆ. ಮೇಲೆ ತುಟ್ಟಿಭತ್ಯೆ. ಇಲ್ಲಿ ಒಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಬೀಪಿಯ 30 ಮಾತ್ರ ಗೆದ್ದರೂ ಅದು 50 ಆಗುತ್ತದೆ. ಮೊಣಕಾಲಿನ 20 ಮಾತ್ರ ಗೆದ್ದರೂ 50. ಅಂದರೆ ಎರಡರಲ್ಲಿ ಯಾವುದಾದರೂ ಒಂದು ನಿಂತರೆ ಸಾಕು, ಕೈಗೆ ಬರುವ ಮೊತ್ತ ಒಂದೇ. ಎರಡನ್ನೂ ಕೇಳಿ, ಆದರೆ ದಾಖಲೆ ಗಟ್ಟಿ ಇರುವುದರ ಮೇಲೆ ಹೆಚ್ಚು ಶ್ರಮ ಹಾಕಿ.

20 ಎಂಬ ಅಂಕಿ ಮಾತ್ರ ಗಡಿಗೆರೆ. ಅವಧಿ ಮುಗಿಸಿ ನಿವೃತ್ತರಾದವರಿಗೆ 20ಕ್ಕಿಂತ ಕಡಿಮೆ ಬರೆದಿದ್ದರೆ ಡಿಸೆಬಿಲಿಟಿ ಎಲಿಮೆಂಟ್ ಇಲ್ಲ, ಬ್ಯಾಂಡಿಂಗೂ ಇಲ್ಲ. ವಿಂಗ್ ಕಮಾಂಡರ್ ಎಸ್.ಪಿ. ರಾಥೋರ್ ಪ್ರಕರಣದಲ್ಲಿ 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಅಂಥವರು ಮೊದಲು ಶೇಕಡಾವಾರಿನ ಬಗ್ಗೆಯೇ ತಕರಾರು ತೆಗೆದು ಮರುಪರೀಕ್ಷೆಯ ಬೋರ್ಡ್ ಕೇಳಬೇಕಾಗುತ್ತದೆ. ನಿಮಗೆ ಆ ತೊಡಕಿಲ್ಲ.

ನಿಮ್ಮ ಪ್ರಶ್ನೆಯ ತಿರುಳು ಬೇರೆ ಕಡೆ ಇದೆ. ನನ್ನ ಕೈಗೆ ಬರುವ ಅಪೀಲುಗಳ ಪ್ರತಿ ನೋಡಿದರೆ ಹೆಚ್ಚಿನವುಗಳಲ್ಲಿ ಒಂದೇ ಕೊರತೆ. ಹೊಲ ಎರಡು ಎಕರೆ, ಮಗಳ ಮದುವೆ ಇದೆ, ದೇಶಕ್ಕಾಗಿ ಜೀವ ತೇಯ್ದಿದ್ದೇನೆ, ದಯವಿಟ್ಟು ಕೈಹಿಡಿಯಿರಿ ಎಂದು ಎರಡು ಪುಟ ಇರುತ್ತದೆ. ಎಲ್ಲವೂ ನಿಜ. ಓದಿದರೆ ಕರುಳು ಚುರ್ ಎನ್ನುತ್ತದೆ. ಆದರೆ ಅಪೀಲು ನೋಡುವ ಸಮಿತಿಯ ಮುಂದಿರುವುದು ಒಂದೇ ಪ್ರಶ್ನೆ: ಮೆಡಿಕಲ್ ಬೋರ್ಡ್ ಕೊಟ್ಟ ಕಾರಣ ಸರಿಯೇ, ತಪ್ಪೇ? ಆ ಕಾರಣ ಏನೆಂದೇ ಓದದೆ ಬರೆದ ಅಪೀಲು ಅದಕ್ಕೆ ಉತ್ತರವಾಗುವುದಿಲ್ಲ. ತಿರಸ್ಕಾರದ ಪತ್ರ ನಿಮ್ಮ ಬಳಿ ಇದೆ, ಅದರಲ್ಲಿ ಎರಡು ಸಾಲಿನ ತೀರ್ಮಾನ ಮಾತ್ರ ಇರುತ್ತದೆ. ಬೇಕಾದದ್ದು ಬೋರ್ಡಿನ ಪೂರ್ತಿ ನಡಾವಳಿ, ಎ.ಎಫ್.ಎಂ.ಎಸ್.ಎಫ್-16 ಎಂಬ ಫಾರ್ಮು. ಅದು ಕೈಗೆ ಬರುವವರೆಗೆ ಯಾರ ಕೈಲೂ ಅಪೀಲು ಬರೆಸಬೇಡಿ.

ಅದನ್ನು ಪಡೆಯುವ ದಾರಿ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ನಿಮಗೆ ಒಂದು ಅನುಕೂಲವಿದೆ, ಮರಾಠಾ ಲೈಟ್ ಇನ್‌ಫಂಟ್ರಿಯ ರೆಕಾರ್ಡ್ಸ್ ಆಫೀಸು ಬೆಳಗಾವಿಯಲ್ಲೇ ಇದೆ. ಆರ್ಟಿಲರಿಯವರಾಗಿದ್ದರೆ ನಾಸಿಕ್ ರೋಡ್‌ಗೆ, ಸಿಗ್ನಲ್ಸ್‌ನವರಾಗಿದ್ದರೆ ಜಬಲ್ಪುರಕ್ಕೆ, ಇ.ಎಂ.ಇ.ಯವರಾಗಿದ್ದರೆ ಸಿಕಂದರಾಬಾದಿಗೆ ಬರೆಯಬೇಕಾಗುತ್ತಿತ್ತು. ಅರ್ಜಿಯ ಜೊತೆ ಡಿಸ್ಚಾರ್ಜ್ ಬುಕ್ ಮತ್ತು ಗುರುತಿನ ಚೀಟಿಯ ನಕಲು ಇಡಿ. ಕೇಳಬೇಕಾದ್ದು: ಭರ್ತಿಯಾದಾಗಿನ ವೈದ್ಯಕೀಯ ತಪಾಸಣೆಯ ಫಾರ್ಮು, ರಿಲೀಸ್ ಮೆಡಿಕಲ್ ಬೋರ್ಡಿನ ಪೂರ್ತಿ ನಡಾವಳಿ, ನಡುವೆ ನಿಮ್ಮ ಮೆಡಿಕಲ್ ಕೆಟಗರಿ (ಆರೋಗ್ಯದ ದರ್ಜೆ) ಇಳಿಸಿದಾಗಿನ ಬೋರ್ಡಿನ ಕಾಗದಗಳು, ತಜ್ಞ ವೈದ್ಯರ ಅಭಿಪ್ರಾಯ, ಮೊಣಕಾಲಿನ ಪೆಟ್ಟಿನ ಇಂಜುರಿ ರಿಪೋರ್ಟ್, ತನಿಖೆ ನಡೆದಿದ್ದರೆ ಅದರ ನಡಾವಳಿ, ಎಲ್ಲೆಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇದ್ದಿರಿ ಎಂಬ ಪೋಸ್ಟಿಂಗ್ ಪಟ್ಟಿ, ಮತ್ತು ತಿರಸ್ಕಾರದ ಆದೇಶ.

ದಾಖಲೆಗೆ ಸಂಬಂಧಿಸಿದ ಇನ್ನೊಂದು ಗಡುವನ್ನೂ ನೆನಪಿಡಿ. ಇಂಥ ಪಿಂಚಣಿಯ ಅರ್ಹತೆ ತೀರ್ಮಾನಿಸುವ 2008ರ ಎಂಟೈಟಲ್‌ಮೆಂಟ್ ರೂಲ್ಸ್ ಪ್ರಕಾರ ಸಾಮಾನ್ಯವಾಗಿ ಸೈನಿಕನೇ ತನ್ನ ಹಕ್ಕನ್ನು ಸಾಬೀತು ಮಾಡಬೇಕಿಲ್ಲ. ಆದರೆ ನಿವೃತ್ತಿಯಾಗಿ 15 ವರ್ಷ ಕಳೆದ ಮೇಲೆ, ದಾಖಲೆಗಳು ನಾಶವಾದ ನಂತರ ಕೇಳಿದರೆ ಆ ಹೊಣೆ ಸೈನಿಕನ ಹೆಗಲಿಗೆ ಬೀಳುತ್ತದೆ. ನೀವಿನ್ನೂ ಆ ಅವಧಿಯ ಒಳಗಿದ್ದೀರಿ. ನಿಮ್ಮ ಊರಿನಲ್ಲಿ 2010, 2011ರಲ್ಲಿ ನಿವೃತ್ತರಾದ ಹಿರಿಯರಿದ್ದರೆ ಈ ಮಾತನ್ನು ಅವರ ಕಿವಿಗೂ ಹಾಕಿ.

ಬೋರ್ಡಿನ ಕಾಗದ ಬಂದ ಕೂಡಲೇ ನಾಲ್ಕು ಕಡೆ ಕಣ್ಣಿಡಿ. ಸೇನೆಗೆ ಸೇರುವ ಮುಂಚೆಯೇ ಈ ಕಾಯಿಲೆ ಇತ್ತೇ ಎಂಬ ಪ್ರಶ್ನೆಗೆ ಏನು ಬರೆದಿದ್ದಾರೆ? ನಿಮ್ಮದೇ ನಿರ್ಲಕ್ಷ್ಯ ಅಥವಾ ದುರ್ನಡತೆಯಿಂದ ಬಂತೇ ಎಂಬುದಕ್ಕೆ? ಕಾಯಿಲೆ ಮೊದಲು ಯಾವಾಗ, ಎಲ್ಲಿ ಕಂಡಿತು ಎಂಬಲ್ಲಿ? ಕೊನೆಗೆ, ಸೇವೆಗೂ ಕಾಯಿಲೆಗೂ ಸಂಬಂಧವಿಲ್ಲ ಎನ್ನಲು ಕೊಟ್ಟ ಕಾರಣ? ಮೊದಲ ಎರಡಕ್ಕೆ ಬಹುತೇಕ ‘ಇಲ್ಲ’ ಎಂದಿರುತ್ತದೆ. ಹಾಗಿದ್ದರೆ ನಿಮ್ಮ ಕೇಸಿನ ಅರ್ಧ ಭಾಗವನ್ನು ಬೋರ್ಡೇ ಬರೆದುಕೊಟ್ಟಂತಾಯಿತು. ಮುಂಚೆ ಇರಲಿಲ್ಲ, ತನ್ನ ತಪ್ಪಿನಿಂದ ಬರಲಿಲ್ಲ, 24 ವರ್ಷದ ಸೇವೆಯ ನಡುವೆ ಬಂತು. ಹಾಗಾದರೆ ಎಲ್ಲಿಂದ ಬಂತು? ಇದಕ್ಕೆ ಉತ್ತರ ಆ ಕೊನೆಯ ಅಂಕಣದಲ್ಲಿ ಇರಬೇಕು. ನಿಮ್ಮಂಥವರ ಕಾಗದಗಳಲ್ಲಿ ಅಲ್ಲಿ ಕಾಣುವುದು ‘ಪೀಸ್ ಸ್ಟೇಷನ್‌ನಲ್ಲಿ ಶುರುವಾದದ್ದು, ಸೇವೆಗೆ ಸಂಬಂಧವಿಲ್ಲ’ ಎಂಬ ಒಂದು ಸಾಲು.

ಈ ಒಂದು ಸಾಲು ಸಾಲದು ಎಂಬುದೇ ಇಂದಿನ ಕಾನೂನು. ಇದರ ಬುನಾದಿ ಧರಮವೀರ್ ಸಿಂಗ್ ವಿರುದ್ಧ ಯೂನಿಯನ್ ಆಫ್ ಇಂಡಿಯಾ ಪ್ರಕರಣದಲ್ಲಿ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಭರ್ತಿಯಾಗುವಾಗ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿಯೇ ಸೇರಿದ ಎಂದು ತಿಳಿಯಬೇಕು, ಸಂಶಯದ ಲಾಭ ಅವನಿಗೆ ಸಲ್ಲಬೇಕು, ಸಂಬಂಧವಿಲ್ಲ ಎನ್ನುವ ಬೋರ್ಡ್ ಅದಕ್ಕೆ ಕಾರಣ ಬರೆಯಬೇಕು ಎಂದು ಅದು ಹೇಳಿತು. 2015ರ ರಾಜಬೀರ್ ಸಿಂಗ್ ತೀರ್ಪು ಅದೇ ದಾರಿ ಹಿಡಿಯಿತು.

ಎದುರು ಪಕ್ಷದ ವಾದವನ್ನೂ ನೀವು ತಿಳಿದಿರಬೇಕು. ಧರಮವೀರ್ ಸಿಂಗ್ ತೀರ್ಪು ನಿಂತದ್ದು 1982ರ ನಿಯಮಗಳ ಮೇಲೆ. ನೀವು 2019ರಲ್ಲಿ ನಿವೃತ್ತರಾದ್ದರಿಂದ ನಿಮಗೆ ಅನ್ವಯಿಸುವುದು 2008ರ ನಿಯಮಗಳು. ‘ಆರೋಗ್ಯವಂತನೆಂದು ತಿಳಿಯಬೇಕು’ ಎಂಬ ಸಾಲು ಅವುಗಳಲ್ಲಿ ಹಳೆಯ ರೂಪದಲ್ಲಿ ಇಲ್ಲ, ಆದ್ದರಿಂದ ಆ ತೀರ್ಪು ಇವರಿಗೆ ಸಲ್ಲದು ಎಂದು ಸರ್ಕಾರಿ ವಕೀಲರು ವಾದಿಸುತ್ತಾರೆ. ಈ ವಾದಕ್ಕೆ ಉತ್ತರ ದೆಹಲಿ ಹೈಕೋರ್ಟಿನ 2025ರ ಮಾರ್ಚ್ ತಿಂಗಳ ತೀರ್ಪಿನಲ್ಲಿದೆ. ಅದು ನಿವೃತ್ತ ಸುಬೇದಾರರೊಬ್ಬರ ಮಧುಮೇಹದ ಪ್ರಕರಣ. 2008ರ ನಿಯಮಗಳಡಿಯೂ ಕಾರಣ ಕೊಡುವ ಹೊಣೆ ಬೋರ್ಡಿನದೇ; ಪೀಸ್ ಸ್ಟೇಷನ್‌ನಲ್ಲಿ ಕಂಡಿತು ಎಂಬುದೊಂದೇ, ಅಥವಾ ಜೀವನಶೈಲಿಯ ಕಾಯಿಲೆ ಎಂಬ ಹಣೆಪಟ್ಟಿಯೊಂದೇ ಪಿಂಚಣಿ ನಿರಾಕರಿಸಲು ಸಾಕಾಗದು ಎಂದು ನ್ಯಾಯಾಲಯ ಹೇಳಿತು. ಅದೇ ವರ್ಷ ಮೇ ತಿಂಗಳಲ್ಲಿ ರಾಜುಮೋನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಕಾರಣವಿಲ್ಲದ ಬೋರ್ಡ್ ಅಭಿಪ್ರಾಯದ ಮೇಲೆ ಪಿಂಚಣಿ ನಿಲ್ಲಿಸಲಾಗದು ಎಂದಿತು. ಇವೆರಡನ್ನೂ ನಿಮ್ಮ ವಕೀಲರ ಗಮನಕ್ಕೆ ತನ್ನಿ.

2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ಹೊಸ ನಿಯಮಗಳು ಬಂದಿವೆ, ಅವು ಬಿಗಿಯಾಗಿವೆ. ಅವರ ವಿಷಯ ಪ್ರತ್ಯೇಕವಾಗಿ ಬರೆಯುವಂಥದ್ದು. ನಿಮಗೆ ಅವು ಅನ್ವಯಿಸುವುದಿಲ್ಲ, ಯಾರಾದರೂ ಅವುಗಳನ್ನು ತೋರಿಸಿ ಹೆದರಿಸಿದರೆ ಕಿವಿಗೊಡಬೇಡಿ.

ಬೀಪಿಯ ವಿಷಯದಲ್ಲಿ ನಿಮ್ಮ ಕೈಲಿರುವ ಅತಿ ಗಟ್ಟಿ ಆಧಾರ ಕುಪ್ವಾರಾದ ದಿನಾಂಕಗಳು. ಸೇನಾ ವೈದ್ಯಾಧಿಕಾರಿಗಳು ಬಳಸುವ 2008ರ ಮಾರ್ಗದರ್ಶಿಯ 43ನೇ ಪ್ಯಾರಾ, ಫೀಲ್ಡ್ (ಕಾರ್ಯಾಚರಣೆಯ ಪ್ರದೇಶ), ಎತ್ತರದ ಪ್ರದೇಶ ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿದ್ದಾಗ ಬೀಪಿ ಬಂದರೆ ಅದು ಸೇವೆಯಿಂದ ಉಲ್ಬಣಗೊಂಡದ್ದೆಂದು ಪರಿಗಣಿಸಬೇಕು ಎನ್ನುತ್ತದೆ. ಮಧುಮೇಹಕ್ಕೂ 26ನೇ ಪ್ಯಾರಾದಲ್ಲಿ ಇಂಥದೇ ಮಾತಿದೆ. ನಿಮ್ಮ ಬೀಪಿ ಪತ್ತೆಯಾದದ್ದು ಅಲ್ಲಿಂದ ಬಂದ ನಾಲ್ಕು ತಿಂಗಳಿಗೆ. ಬೀಪಿ ಪತ್ತೆಯಾದ ದಿನವೇ ಹುಟ್ಟುವುದಿಲ್ಲ, ಮೈಯೊಳಗೆ ಸದ್ದಿಲ್ಲದೆ ಏರುತ್ತ ಬಂದು ಎಂದೋ ಒಂದು ದಿನ ಯಂತ್ರಕ್ಕೆ ಸಿಗುತ್ತದೆ. ರಾತ್ರಿಯಿಡೀ ಗಸ್ತು, ಸದಾ ಎಚ್ಚರ, ನಿದ್ದೆಗೆಟ್ಟ ಎರಡೂವರೆ ವರ್ಷ ಹಿಂದಿರುವಾಗ, ಕಂಡದ್ದು ಪೀಸ್ ಸ್ಟೇಷನ್‌ನ ಆಸ್ಪತ್ರೆಯಲ್ಲಿ ಎಂಬ ಕಾರಣಕ್ಕೆ ಅದನ್ನು ಪೀಸ್ ಸ್ಟೇಷನ್ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ. ಕುಪ್ವಾರಾದಲ್ಲಿ ಎಂ.ಐ. ರೂಮಿಗೆ (ಯೂನಿಟ್‌ನ ಚಿಕಿತ್ಸಾ ಕೊಠಡಿಗೆ) ತಲೆನೋವು, ತಲೆಸುತ್ತು ಎಂದು ಹೋಗಿದ್ದರೆ, ಅಲ್ಲಿ ಯಾರಾದರೂ ಬೀಪಿ ನೋಡಿ ಬರೆದಿದ್ದರೆ, ಆ ಒಂದು ಚೀಟಿ ಇಡೀ ಕೇಸನ್ನು ಎತ್ತಿ ನಿಲ್ಲಿಸಬಲ್ಲದು. ಟ್ರಂಕಿನ ತಳದಲ್ಲಿರುವ ಹಳೆಯ ಕಾಗದಗಳನ್ನು ಮನೆಯವರ ಜೊತೆ ಕೂತು ಒಂದೊಂದಾಗಿ ತೆಗೆದು ನೋಡಿ.

ನಿಮಗೆ ವಿರುದ್ಧವಾಗಬಹುದಾದದ್ದನ್ನೂ ಮುಚ್ಚಿಡುವುದಿಲ್ಲ. ಆ ಅವಧಿಯಲ್ಲಿ ನಿಮ್ಮ ತೂಕ ಮಿತಿಗಿಂತ ಹೆಚ್ಚಿತ್ತು ಎಂದೋ, ತಂದೆ ತಾಯಿಗೆ ಬೀಪಿ ಇತ್ತೆಂದು ನೀವೇ ಹೇಳಿದಿರಿ ಎಂದೋ, ತಂಬಾಕು, ಮದ್ಯದ ಬಗ್ಗೆಯೋ ಟಿಪ್ಪಣಿ ಇದ್ದರೆ ಎದುರು ಪಕ್ಷ ಅದನ್ನೇ ಹಿಡಿಯುತ್ತದೆ. ವೈದ್ಯಕೀಯ ಬೋರ್ಡಿನ ಅಭಿಪ್ರಾಯಕ್ಕೇ ಹೆಚ್ಚಿನ ಬೆಲೆ ಎಂದ 2009ರ ದಾಮೋದರನ್ ತೀರ್ಪನ್ನೂ ಅವರು ತೋರಿಸುತ್ತಾರೆ. ಆ ಟಿಪ್ಪಣಿಗಳಿದ್ದರೆ ಮೊದಲೇ ವಕೀಲರಿಗೆ ಹೇಳಿ. ಕೋರ್ಟಿನಲ್ಲಿ ಅವರಿಗೆ ಮೊದಲ ಬಾರಿ ಗೊತ್ತಾಗುವಂತೆ ಆಗಬಾರದು.

ಮೊಣಕಾಲಿನ ವಿಷಯ ಸರಳ. ಯೂನಿಟ್ ಏರ್ಪಡಿಸಿದ ಪಂದ್ಯದಲ್ಲಿ ಆಡುವುದು ಕರ್ತವ್ಯವೇ. ಇಂಜುರಿ ರಿಪೋರ್ಟ್ ಸಿಕ್ಕರೆ ಇದೇ ನಿಮ್ಮ ಗಟ್ಟಿ ಕಾಲು. ಸಿಗದಿದ್ದರೆ ಸೇನಾ ಆಸ್ಪತ್ರೆಯಲ್ಲಿ ದಾಖಲಾದ ಕೇಸ್ ಶೀಟ್, ಕೆಟಗರಿ ಇಳಿಸಿದ ಬೋರ್ಡಿನ ಕಾಗದದಲ್ಲಿ ‘ಕಬಡ್ಡಿ ಆಡುವಾಗ’ ಎಂದು ವೈದ್ಯರು ಬರೆದುಕೊಂಡ ಮಾತು, ಜೊತೆಗೆ ಆಡಿದವರ ಪ್ರಮಾಣಪತ್ರ ಕೂಡಿಸಿ. ರಜೆಯಲ್ಲಿ ಊರಿಗೆ ಬಂದಾಗ ಆದ ಅಪಘಾತಗಳ ಮಾತು ಬೇರೆ. ಸೇವೆಗೂ ಪೆಟ್ಟಿಗೂ ಕೊಂಡಿ ಬೇಕು ಎಂದು 2011ರ ಜುಝಾರ್ ಸಿಂಗ್ ತೀರ್ಪು ಹೇಳುತ್ತದೆ, ಅಂಥವು ಬಹುತೇಕ ನಿಲ್ಲುವುದಿಲ್ಲ.

ಈಗ ದಾರಿ. ತಿರಸ್ಕಾರದ ಪತ್ರ ಬಂದ ಆರು ತಿಂಗಳಲ್ಲಿ ಮೊದಲ ಅಪೀಲು, ಅದೂ ತಿರಸ್ಕೃತವಾದರೆ ಇನ್ನಾರು ತಿಂಗಳಲ್ಲಿ ಎರಡನೇ ಅಪೀಲು, ಇವೆರಡೂ ಸೇನೆಯ ಒಳಗಿನ ಹಂತಗಳು. ರೆಕಾರ್ಡ್ಸ್ ಆಫೀಸಿನ ಮೂಲಕವೇ ಹೋಗುತ್ತವೆ. ಅದಾದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಎ.ಎಫ್.ಟಿ. ಕರ್ನಾಟಕಕ್ಕೆ ಅದರ ಪೀಠ ಕೇರಳದ ಕೊಚ್ಚಿಯಲ್ಲಿದೆ. 2007ರ ಕಾಯ್ದೆಯ ಪ್ರಕಾರ ಒಳಗಿನ ಹಂತಗಳನ್ನು ಮುಗಿಸಿ ಬರಬೇಕು, ಆದರೆ ಕೊಟ್ಟ ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ ನೇರವಾಗಿ ಹೋಗಬಹುದು. ವಿಳಂಬವನ್ನು ಮನ್ನಿಸುವ ಅಧಿಕಾರವೂ ನ್ಯಾಯಮಂಡಳಿಗೆ ಇದೆ.

ನೀವು ಮಾಡಬೇಕಾದದ್ದು ಇಷ್ಟು. ಮಾಹಿತಿ ಹಕ್ಕು ಅರ್ಜಿಯನ್ನು ಈ ವಾರವೇ ಹಾಕಿ. ಕಾಗದ ಬಂದ ಕೂಡಲೇ ಮೊದಲ ಅಪೀಲನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ. ತಡವಾಯಿತು ಎಂದು ಅವರು ಹಿಂದಕ್ಕೆ ಕಳಿಸಿದರೂ ಎದೆಗುಂದಬೇಡಿ, ಆ ಪತ್ರವನ್ನೇ ಹಿಡಿದು ಎ.ಎಫ್.ಟಿ.ಗೆ ಹೋಗಬಹುದು. ತಡವಾದದ್ದಕ್ಕೆ ಇದ್ದ ಕಾರಣವನ್ನೇ ಬರೆಯಿರಿ. ಕಾನೂನು ಗೊತ್ತಿರಲಿಲ್ಲ, ಹೇಳುವವರಿರಲಿಲ್ಲ ಎಂಬುದೇ ಕಾರಣವಾಗಿದ್ದರೆ ಅದನ್ನೇ ಹೇಳಿ. ಇಲ್ಲದ ಆಸ್ಪತ್ರೆ, ಇಲ್ಲದ ಕಾಯಿಲೆ ಸೃಷ್ಟಿಸಿ ಬರೆಸಬೇಡಿ.

ಅಪೀಲಿನ ನಡುಭಾಗ ಹೀಗಿರಲಿ, ಇದನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಸಿಕೊಳ್ಳಿ: ‘ನಾನು ಭರ್ತಿಯಾದಾಗ ಪೂರ್ಣ ಆರೋಗ್ಯವಂತನೆಂದು ತಪಾಸಣೆಯಲ್ಲಿ ದಾಖಲಾಗಿದೆ. ಕಾಯಿಲೆ ಸೇವೆಗೆ ಮುಂಚೆ ಇರಲಿಲ್ಲ, ನನ್ನ ನಿರ್ಲಕ್ಷ್ಯದಿಂದ ಬಂದದ್ದಲ್ಲ ಎಂದು ಬೋರ್ಡೇ ಬರೆದಿದೆ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನಾನು ಫೀಲ್ಡ್‌ನಲ್ಲಿದ್ದೆ, ಅಲ್ಲಿಂದ ಬಂದ ನಾಲ್ಕು ತಿಂಗಳಲ್ಲಿ ಬೀಪಿ ಪತ್ತೆಯಾಯಿತು. ಪೀಸ್ ಸ್ಟೇಷನ್ ಎಂಬುದನ್ನು ಬಿಟ್ಟರೆ ಬೋರ್ಡ್ ಬೇರೆ ಕಾರಣ ಕೊಟ್ಟಿಲ್ಲ. ಮೊಣಕಾಲಿನ ಪೆಟ್ಟು ಯೂನಿಟ್ ಏರ್ಪಡಿಸಿದ ಪಂದ್ಯದಲ್ಲಿ ಆದದ್ದು, ದಾಖಲೆ ಲಗತ್ತಿಸಿದ್ದೇನೆ.’ ಪ್ರತಿ ಸಾಲಿನ ಎದುರು ಅದಕ್ಕೆ ಆಧಾರವಾದ ಕಾಗದದ ಪುಟಸಂಖ್ಯೆ ಹಾಕಿ. ಬೋರ್ಡಿನ ಕಾಗದದಲ್ಲಿ ಇಲ್ಲದ್ದನ್ನು ಇದೆ ಎಂದು ಬರೆಯಬೇಡಿ.

ಎ.ಎಫ್.ಟಿ.ಯಲ್ಲಿ ಪ್ರತಿ ತಾರೀಕಿಗೂ ರೈಲು ಹತ್ತಿ ಕೊಚ್ಚಿಗೆ ಓಡಬೇಕಿಲ್ಲ, ವಕೀಲರು ನಡೆಸುತ್ತಾರೆ. ಆದರೆ ಗೆದ್ದ ಮರುದಿನವೇ ಖಾತೆಗೆ ದುಡ್ಡು ಬೀಳುವುದಿಲ್ಲ. ಆದೇಶ ಪಾಲಿಸದಿದ್ದರೆ ಜಾರಿ ಅರ್ಜಿ ಹಾಕಬೇಕಾಗಬಹುದು, ಸರ್ಕಾರ ಹೈಕೋರ್ಟಿಗೂ ಹೋಗಬಹುದು. ಎ.ಎಫ್.ಟಿ. ಆದೇಶಗಳನ್ನು ಹೈಕೋರ್ಟ್ ಪರಿಶೀಲಿಸಬಹುದು ಎಂದು 2023ರ ಪರಶೋತ್ತಮ್ ದಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಬಾಗಿಲು ಎರಡೂ ಕಡೆಯವರಿಗೆ ತೆರೆದಿದೆ. ನೀವು ಸೋತರೂ ಅಲ್ಲಿಗೆ ಹೋಗಬಹುದು.

ಕೊನೆಗೆ ಆ ಮಧ್ಯಸ್ಥರ ಮಾತು. ಮೇಲಿನ ಉದಾಹರಣೆಯಲ್ಲಿ ತಿಂಗಳಿಗೆ 7,500ರಂತೆ ಮೂರು ವರ್ಷದ ಬಾಕಿ 2,70,000 ರೂಪಾಯಿ, ತುಟ್ಟಿಭತ್ಯೆ ಬೇರೆ. ಅದರಲ್ಲಿ ಮೂರನೇ ಒಂದು ಪಾಲು ಎಂದರೆ 90,000. ಬರುವ ಹಣದಲ್ಲಿ ಪಾಲು ಮಾತಾಡಿಕೊಳ್ಳುವುದು ವಕೀಲರಿಗೇ ನಿಷಿದ್ಧ. ವಕೀಲರಲ್ಲದವರು ನಿಮ್ಮ ಪರ ವಾದಿಸಲಾರರು, ಹಾಗಾಗಿ ಅವರು ಮಾಡುವುದು ಬೇರೆ ವಕೀಲರಿಗೆ ಫೈಲು ದಾಟಿಸುವ ಕೆಲಸ ಮಾತ್ರ. ಅದಕ್ಕೆ 90,000 ಕೊಡುವುದು ಬೇಡ. ಖಾಲಿ ಚೆಕ್ಕು, ಖಾಲಿ ಬಾಂಡ್ ಪೇಪರ್ ಯಾರಿಗೂ ಸಹಿ ಮಾಡಿ ಕೊಡಬೇಡಿ. ಮೂಲ ಪಿಪಿಒ (ಪಿಂಚಣಿ ಪಾವತಿ ಆದೇಶ), ಡಿಸ್ಚಾರ್ಜ್ ಬುಕ್ ಕೈಬಿಡಬೇಡಿ. ಪಿಂಚಣಿಯ ಆನ್‌ಲೈನ್ ಪೋರ್ಟಲ್ ಆದ ಸ್ಪರ್ಶ್ ಖಾತೆಯ ಪಾಸ್‌ವರ್ಡ್ ಹೇಳಬೇಡಿ.

ಬದಲಿಗೆ ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಬರೆಯಲು ನೆರವು ಕೇಳಿ. ಅಲ್ಲಿಂದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಸೈನಿಕರು, ಮಾಜಿ ಸೈನಿಕರು ಮತ್ತು ಅವರ ಕುಟುಂಬಗಳಿಗೆ ಕಾನೂನು ನೆರವು ಕೊಡಲೆಂದೇ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2025ರ ಜುಲೈ 26ರಂದು ವೀರ ಪರಿವಾರ ಸಹಾಯತಾ ಯೋಜನೆ ಆರಂಭಿಸಿದೆ, ಆ ಯೋಜನೆಯ ಹೆಸರು ಹೇಳಿಯೇ ಕೇಳಿ. ಖಾಸಗಿ ವಕೀಲರನ್ನೇ ಹಿಡಿಯುವುದಾದರೆ ಎ.ಎಫ್.ಟಿ.ಯಲ್ಲಿ ಅಂಗವೈಕಲ್ಯ ಪಿಂಚಣಿಯ ಕೇಸು ನಡೆಸಿದವರನ್ನು ಆರಿಸಿ, ಫೀ ಎಷ್ಟು, ಯಾವ ಹಂತದವರೆಗೆ ಎಂಬುದನ್ನು ಮೊದಲೇ ಬರೆಸಿಕೊಂಡು, ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ.